ಕಪ್ಪು ಕಿಟಕಿ ಮುಚ್ಚಿದರೂ ಫ್ಲಾಸ್ಕ್ ಆಪ್ ಓಡುತ್ತಿರಬೇಕು

ಪ್ರಶ್ನೆ: ಸರ್, ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಸೋದರಮಾವನ ಸಣ್ಣ ವರ್ಕ್‌ಶಾಪ್ ಇದೆ. ಸಿಎನ್‌ಸಿ ಜಾಬ್ ವರ್ಕ್. ಡೆಲಿವರಿ ಚಲನ್, ಗೇಟ್ ಪಾಸ್, ಸ್ಟೋರ್ಸ್ ಲೆಕ್ಕಕ್ಕೆ ನಾನೇ ಫ್ಲಾಸ್ಕ್‌ನಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಆಪ್ ಬರೆಯುವ ಲೈಬ್ರರಿ) ಒಂದು ಆಪ್ ಬರೆದುಕೊಟ್ಟಿದ್ದೇನೆ. ಡೇಟಾಬೇಸ್ ಎಸ್‌ಕ್ಯೂಲೈಟ್. ಆಫೀಸಿನ ವಿಂಡೋಸ್ 11 ಸಿಸ್ಟಮ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಓಡಿಸುತ್ತೇವೆ. ಯಾರೋ ಆ ಕಪ್ಪು ಕಿಟಕಿ ಮುಚ್ಚಿಬಿಡುತ್ತಾರೆ. ಇಲ್ಲದಿದ್ದರೆ ರಾತ್ರಿ ಅಪ್‌ಡೇಟ್ ಆಗಿ ಸಿಸ್ಟಮ್ ರೀಸ್ಟಾರ್ಟ್ ಆಗಿರುತ್ತದೆ. ಬೆಳಿಗ್ಗೆ ಆರಕ್ಕೆ ಶಿಫ್ಟ್‌ನವರು ನನಗೆ ಫೋನ್ ಮಾಡುತ್ತಾರೆ. ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಸರ್ವಿಸ್ ಮಾಡೋಣ ಅಂತ ಎಸ್‌ಸಿ ಕ್ರಿಯೇಟ್ ಕಮಾಂಡ್ ಕೊಟ್ಟೆ, 1053 ಎರರ್ ಬಂತು. ಆಮೇಲೆ ಸರ್ವಿಸ್‌ಗೆ ಅಂತಲೇ ಪ್ರೋಗ್ರಾಂ ಫೈಲ್ಸ್ ಒಳಗೆ ಬೇರೆ ಪೈಥಾನ್ ಹಾಕಿ, ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಆಪ್‌ನ ಲೈಬ್ರರಿಗಳಿಗೆಂದೇ ಬೇರೆ ಫೋಲ್ಡರ್) ಮಾಡಿ, ಪ್ರೋಗ್ರಾಂಗಳನ್ನು ಸರ್ವಿಸ್ ಆಗಿ ಓಡಿಸುವ ಎನ್‌ಎಸ್‌ಎಸ್‌ಎಂ ಎಂಬ ಟೂಲ್ ಬಳಸಿದೆ. ಸರ್ವಿಸ್ ‘ರನ್ನಿಂಗ್’ ಅನ್ನುತ್ತದೆ. ಲಾಗಿನ್ ಪುಟವೂ ಬರುತ್ತದೆ. ಪಾಸ್‌ವರ್ಡ್ ಕೊಟ್ಟರೆ ‘ನೋ ಸಚ್ ಟೇಬಲ್’. ಬೇರೆ ಸಿಸ್ಟಮ್‌ಗಳಲ್ಲಂತೂ ಪುಟವೇ ತೆರೆಯುವುದಿಲ್ಲ. ಹಳೆಯ ಪೈಥಾನ್‌ನಲ್ಲಿ ಕೈಯಾರೆ ಓಡಿಸಿದರೆ ಎಲ್ಲ ಸರಿ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಅದನ್ನು ಓಡಿಸುವವರು ಬದಲಾಗಿದ್ದಾರೆ, ಅಷ್ಟೇ. ವರ್ಕ್‌ಶಾಪಿನವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಹಗಲು ಶಿಫ್ಟ್‌ನಲ್ಲಿ ಮೆಷಿನ್ ಓಡಿಸುವವರು ನೀವು. ರಾತ್ರಿ ಶಿಫ್ಟ್‌ಗೆ ಒಬ್ಬ ಬದಲಿ ಆಪರೇಟರ್ ಬಂದಿದ್ದಾನೆ. ಕೆಲಸ ಬಲ್ಲವನೇ. ಆದರೆ ನೀವು ಟೂಲ್ ಎಲ್ಲಿಡುತ್ತೀರಿ ಅಂತ ಅವನಿಗೆ ಗೊತ್ತಿಲ್ಲ. ನಿಮ್ಮ ಲಾಕರ್ ಕೀ ಅವನ ಹತ್ತಿರ ಇಲ್ಲ. ಆಫೀಸಿನ ಬಾಗಿಲಿಗೆ ಬಂದು ‘ಏನ್ ಮಾಡ್ಲಿ ಸರ್’ ಅಂತ ಕೇಳುವ ಹಾಗೂ ಇಲ್ಲ. ಸರ್ವಿಸ್ ಅಂದರೆ ಇವನೇ. ನಿಮ್ಮ ಮೂರೂ ತೊಂದರೆಗಳು ಇಲ್ಲಿಂದಲೇ ಬಂದಿವೆ.

ಮೊದಲು 1053. ವಿಂಡೋಸ್‌ನಲ್ಲಿ ಸರ್ವಿಸ್‌ಗಳನ್ನೆಲ್ಲ ನೋಡಿಕೊಳ್ಳುವುದು ಸರ್ವಿಸ್ ಕಂಟ್ರೋಲ್ ಮ್ಯಾನೇಜರ್. ಅದು ಒಂದು ಪ್ರೋಗ್ರಾಂ ಶುರು ಮಾಡಿದ ಮೇಲೆ, ಆ ಪ್ರೋಗ್ರಾಂ ತಿರುಗಿ ‘ನಾನು ಬಂದೆ, ನಿಲ್ಲು ಅಂದರೆ ನಿಲ್ಲುತ್ತೇನೆ’ ಅಂತ ಗೊತ್ತಾದ ರೀತಿಯಲ್ಲಿ ವರದಿ ಮಾಡಬೇಕು. ಅದಕ್ಕೆ 30 ಸೆಕೆಂಡ್ ಸಮಯ. ಪೈಥಾನ್‌ನ ಎಕ್ಸಿಕ್ಯೂಟಬಲ್‌ಗೆ ಈ ಮಾತುಕತೆ ಬರುವುದಿಲ್ಲ. ಅದು ನಿಮ್ಮ ಸ್ಕ್ರಿಪ್ಟ್ ತೆಗೆದುಕೊಂಡು ಸುಮ್ನೆ ಓಡುತ್ತದೆ. ತಮಾಷೆ ಅಂದರೆ ಆ 30 ಸೆಕೆಂಡ್ ಒಳಗೆ ಬ್ರೌಸರ್ ತೆರೆದರೆ ನಿಮ್ಮ ಪುಟ ಚೆನ್ನಾಗೇ ಬರುತ್ತದೆ! ಆಮೇಲೆ ವಿಂಡೋಸ್ ತಾಳ್ಮೆ ಕಳೆದುಕೊಂಡು ಅದನ್ನು ಮುಗಿಸಿ 1053 ಅನ್ನುತ್ತದೆ. ರಿಜಿಸ್ಟ್ರಿಯಲ್ಲಿ ಈ 30 ಸೆಕೆಂಡನ್ನು ಹೆಚ್ಚಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನಿಮ್ಮ ವಿಷಯದಲ್ಲಿ ಅದರಿಂದ ಏನೂ ಆಗದು. ವರದಿ ಮಾಡಲು ಬಾರದವನಿಗೆ ಹೆಚ್ಚು ಸಮಯ ಕೊಟ್ಟು ಏನು ಉಪಯೋಗ?

ಆದ್ದರಿಂದ ಮಧ್ಯೆ ಒಬ್ಬ ಬೇಕು. ವಿಂಡೋಸ್ ಜೊತೆ ಸರ್ವಿಸ್‌ನಂತೆ ಮಾತಾಡಿ, ಇತ್ತ ಪೈಥಾನನ್ನು ಓಡಿಸುವವನು. ನೀವು ಆರಿಸಿದ ಎನ್‌ಎಸ್‌ಎಸ್‌ಎಂ ಅದೇ ಕೆಲಸದ್ದು. (ಅದರ ಪೂರ್ತಿ ಹೆಸರು ಸ್ವಲ್ಪ ಒರಟು, ಮಾವನ ಮುಂದೆ ಬಿಡಿಸಿ ಹೇಳಬೇಡಿ.) ಒಂದು ಎಚ್ಚರಿಕೆ ಇದೆ. ಅದರ 2.24 ಆವೃತ್ತಿ 2014ರದು. ವಿಂಡೋಸ್ 10ರ 2017ರ ಕ್ರಿಯೇಟರ್ಸ್ ಅಪ್‌ಡೇಟ್ ಮತ್ತು ಅದರ ನಂತರದ ವಿಂಡೋಸ್‌ಗಳಲ್ಲಿ ಸರ್ವಿಸ್ ಶುರುವಾಗದ ತೊಂದರೆ ಅದಕ್ಕಿದೆ. 2.24-101 ಎಂಬ ಪ್ರೀ-ರಿಲೀಸ್ ಹಾಕಿಕೊಳ್ಳಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಹೆಸರಿಗೆ ಪ್ರೀ-ರಿಲೀಸ್, ಹೆದರಬೇಡಿ. ಇದೇ ಕೆಲಸಕ್ಕೆ ವಿನ್‌ಎಸ್‌ಡಬ್ಲ್ಯೂ ಎಂಬ ಇನ್ನೊಂದಿದೆ. ಸೆಟ್ಟಿಂಗ್ ಎಲ್ಲ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಇರುತ್ತದೆ. ಹತ್ತು ಸಿಸ್ಟಮ್‌ಗೆ ಹಾಕಬೇಕು ಅಂದರೆ ನಾನು ಅದನ್ನೇ ಆರಿಸುತ್ತೇನೆ. ಒಂದೇ ಸಿಸ್ಟಮ್‌ಗೆ ಎನ್‌ಎಸ್‌ಎಸ್‌ಎಂ ಸಾಕು.

ಪೈವಿನ್32 ಲೈಬ್ರರಿ ಬಳಸಿ ಪೈಥಾನ್‌ನಲ್ಲೇ ಸರ್ವಿಸ್ ಬರೆಯಬಹುದಲ್ಲ ಅಂತ ಮುಂದೆ ಯಾರಾದರೂ ಹೇಳುತ್ತಾರೆ. ಬರೆಯಬಹುದು. ಒಂದು ಕ್ಲಾಸ್, ಅದರಲ್ಲಿ ಶುರುವಿಗೆ ಒಂದು, ನಿಲ್ಲಿಸಲು ಒಂದು ಮೆಥಡ್. ನೋಡಲು ಬಲು ಸುಲಭ. ಆದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೆ ಅದಕ್ಕೆ ಬೇಕಾದ ಡಿಎಲ್‌ಎಲ್ ಫೈಲ್‌ಗಳು ಸಿಗದೆ ಒದ್ದಾಡಿಸುತ್ತದೆ. ನಿಲ್ಲು ಅಂದಾಗ ವೆಬ್ ಸರ್ವರನ್ನು ಸರಿಯಾಗಿ ನಿಲ್ಲಿಸುವ ಹೊಣೆಯೂ ನಿಮ್ಮದೇ. ನಿಮ್ಮ ಕೆಲಸಕ್ಕೆ ಅದು ಬೇಡ.

ಟಾಸ್ಕ್ ಶೆಡ್ಯೂಲರ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಸುಮಾರು ಜನ ಅದರಲ್ಲೇ ಬೀಳುತ್ತಾರೆ. ‘ಸಿಸ್ಟಮ್ ಶುರುವಾದಾಗ ಓಡಿಸು’ ಅಂತ ಒಂದು ಟಾಸ್ಕ್ ಮಾಡಿದರೆ ಆಯ್ತಲ್ಲ ಅನ್ನಿಸುತ್ತದೆ. ಆಗುತ್ತದೆ, ಮೂರು ದಿನ. ಟಾಸ್ಕ್ ಮೂರು ದಿನಕ್ಕಿಂತ ಜಾಸ್ತಿ ಓಡಿದರೆ ನಿಲ್ಲಿಸು ಎಂಬ ಟಿಕ್ ಅಲ್ಲಿ ಮೊದಲೇ ಇರುತ್ತದೆ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಮಾತ್ರ ಶುರು ಮಾಡು ಎಂಬ ಇನ್ನೊಂದು ಟಿಕ್ ಕೂಡ ಇದೆ. ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿಕೊಂಡವರಿಗೆ ಇದು ಕಾಟ. ಬಳಸಲೇಬೇಕಾದರೆ ಇವೆರಡನ್ನೂ ತೆಗೆಯಿರಿ.

ಈಗ ನಿಮ್ಮ ‘ನೋ ಸಚ್ ಟೇಬಲ್’. ಇದು ನನಗೆ ಇಷ್ಟವಾದ ಎರರ್, ಏಕೆಂದರೆ ಪಾಪ, ಅದು ನಿಜ ಹೇಳುತ್ತಿದೆ. ನಿಮ್ಮ ಕೋಡ್‌ನಲ್ಲಿ ಡೇಟಾಬೇಸ್ ಫೈಲ್‌ನ ಬರೀ ಹೆಸರು ಕೊಟ್ಟಿರುತ್ತೀರಿ, ಪೂರ್ತಿ ಪಾತ್ (ಯಾವ ಡ್ರೈವ್, ಯಾವ ಫೋಲ್ಡರ್ ಎಂಬ ವಿಳಾಸ) ಕೊಟ್ಟಿರುವುದಿಲ್ಲ. ಕೈಯಾರೆ ಓಡಿಸುವಾಗ ನೀವು ಮೊದಲು ಪ್ರಾಜೆಕ್ಟ್ ಫೋಲ್ಡರ್ ಒಳಗೆ ಹೋಗಿ ಓಡಿಸುತ್ತೀರಿ, ಫೈಲ್ ಅಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಸರ್ವಿಸ್‌ಗಳು ನಿಂತುಕೊಳ್ಳುವ ಜಾಗ ವಿಂಡೋಸ್ ಒಳಗಿನ ಸಿಸ್ಟಮ್32 ಫೋಲ್ಡರ್. ಎನ್‌ಎಸ್‌ಎಸ್‌ಎಂ ಇದನ್ನು ಬದಲಿಸಿ, ಯಾವ ಎಕ್ಸಿಕ್ಯೂಟಬಲ್ ಕೊಟ್ಟಿರೋ ಅದರ ಫೋಲ್ಡರನ್ನೇ ಸ್ಟಾರ್ಟಪ್ ಡೈರೆಕ್ಟರಿ ಅಂತ ತಾನೇ ತುಂಬುತ್ತದೆ. ನಿಮ್ಮ ವಿಷಯದಲ್ಲಿ ಅದು ವರ್ಚುವಲ್ ಎನ್ವಿರಾನ್‌ಮೆಂಟ್‌ನ ಸ್ಕ್ರಿಪ್ಟ್ಸ್ ಫೋಲ್ಡರ್. ಕೇಳಿದ ಫೈಲ್ ಇಲ್ಲದಿದ್ದರೆ ಎಸ್‌ಕ್ಯೂಲೈಟ್ ಜಗಳ ಮಾಡುವುದಿಲ್ಲ. ಅದೇ ಹೆಸರಿನ ಹೊಸ ಖಾಲಿ ಫೈಲ್ ಮಾಡಿಕೊಳ್ಳುತ್ತದೆ. ಖಾಲಿ ಡೇಟಾಬೇಸ್‌ನಲ್ಲಿ ಟೇಬಲ್ ಎಲ್ಲಿಂದ ಬರಬೇಕು? ಈಗಲೇ ಸ್ಕ್ರಿಪ್ಟ್ಸ್ ಫೋಲ್ಡರ್ ತೆರೆದು ನೋಡಿ. ನಿಮ್ಮ ಡೇಟಾಬೇಸ್‌ನದೇ ಹೆಸರು, ಸೊನ್ನೆ ಬೈಟ್, ಅಲ್ಲಿ ಕೂತಿರುತ್ತದೆ.

ಹಾಗಾದರೆ ಲಾಗಿನ್ ಪುಟ ಹೇಗೆ ಬಂತು? ಫ್ಲಾಸ್ಕ್ ತನ್ನ ಟೆಂಪ್ಲೇಟ್‌ಗಳನ್ನು (ಪುಟಗಳ ಎಚ್‌ಟಿಎಂಎಲ್ ಫೈಲ್‌ಗಳನ್ನು) ಹುಡುಕುವುದು ನಿಮ್ಮ ಸ್ಕ್ರಿಪ್ಟ್ ಇರುವ ಜಾಗದಿಂದ, ಓಡಿಸುವವನು ನಿಂತ ಜಾಗದಿಂದಲ್ಲ. ಅದಕ್ಕೇ ಪುಟ ಬಂತು, ಡೇಟಾ ಬರಲಿಲ್ಲ.

ಸ್ಟಾರ್ಟಪ್ ಡೈರೆಕ್ಟರಿಗೆ ಪ್ರಾಜೆಕ್ಟ್ ಫೋಲ್ಡರ್ ಹಾಕಿದರೆ ಇವತ್ತಿಗೆ ಸರಿಹೋಗುತ್ತದೆ. ಹಾಕಿ. ಆದರೆ ಅಲ್ಲಿಗೇ ಬಿಡಬೇಡಿ. ಕೋಡ್‌ನಲ್ಲೂ ಪೈಥಾನ್ ಜೊತೆಗೇ ಬರುವ ಪಾತ್‌ಲಿಬ್ ಬಳಸಿ, ಸ್ಕ್ರಿಪ್ಟ್ ಫೈಲ್ ಇರುವ ಫೋಲ್ಡರನ್ನು ಹಿಡಿದುಕೊಂಡು, ಅದರಿಂದ ಡೇಟಾಬೇಸ್‌ನ ಪೂರ್ತಿ ಪಾತ್ ಕಟ್ಟಿ. ಲೋಗೋ, ಎಕ್ಸೆಲ್ ಎಕ್ಸ್‌ಪೋರ್ಟ್, ಅಪ್‌ಲೋಡ್ ಆದ ಡ್ರಾಯಿಂಗ್ ಎಲ್ಲಕ್ಕೂ ಹೀಗೇ ಮಾಡಿ. ಇಡೀ ಪ್ರಾಜೆಕ್ಟ್ ಡೆಸ್ಕ್‌ಟಾಪ್ ಮೇಲೆ ಇದ್ದರೆ ಅಲ್ಲಿಂದ ತೆಗೆಯಿರಿ. ಎಷ್ಟೋ ಸಿಸ್ಟಮ್‌ಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್‌ಗೆ ಹೊಂದಿಕೊಂಡಿರುತ್ತದೆ. ಓಡುತ್ತಿರುವ ಎಸ್‌ಕ್ಯೂಲೈಟ್ ಫೈಲನ್ನು ಇನ್ನೊಂದು ಪ್ರೋಗ್ರಾಂ ಹಿಡಿದೆಳೆದು ಸಿಂಕ್ ಮಾಡುವುದು ಒಳ್ಳೆಯದಲ್ಲ. ಸಿ ಡ್ರೈವ್‌ನ ಬುಡದಲ್ಲೇ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. ಪೈಥಾನನ್ನು ಪ್ರೋಗ್ರಾಂ ಫೈಲ್ಸ್‌ಗೆ ಹಾಕಿದ್ದು ಸರಿಯಾಗಿದೆ. ಸಾಮಾನ್ಯವಾಗಿ ಹಾಕಿದರೆ ಅದು ನಿಮ್ಮ ಯೂಸರ್ ಫೋಲ್ಡರ್ ಒಳಗೆ ಕೂರುತ್ತದೆ. ಬೇರೆ ಸಾಮಾನ್ಯ ಯೂಸರ್ ಅಕೌಂಟ್‌ನಲ್ಲಿ ಓಡುವ ಸರ್ವಿಸ್ ಅಲ್ಲಿಗೆ ಕಾಲಿಡಲಾಗದು. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿದ ಪೈಥಾನ್ ಅಂತೂ ಈ ಕೆಲಸಕ್ಕೆ ಬೇಡವೇ ಬೇಡ.

ಬೇರೆ ಸಿಸ್ಟಮ್‌ಗಳಲ್ಲಿ ಪುಟ ಬಾರದಿರುವುದಕ್ಕೆ ಕಾರಣ ಫೈರ್‌ವಾಲ್. ಮೊದಲ ಸಲ ಕೈಯಾರೆ ಓಡಿಸಿದಾಗ ‘ಇದನ್ನು ಬಿಡಬೇಕಾ?’ ಅಂತ ವಿಂಡೋಸ್ ಕೇಳಿರುತ್ತದೆ, ನೀವು ‘ಅಲೌ’ ಒತ್ತಿ ಮರೆತಿರುತ್ತೀರಿ. ಆ ಅನುಮತಿ ಸಿಕ್ಕಿದ್ದು ಹಳೆಯ ಪೈಥಾನ್‌ನ ಪಾತ್‌ಗೆ. ಹೊಸ ಪೈಥಾನ್‌ಗೆ ಅನುಮತಿ ಇಲ್ಲ. ಅದು ಸರ್ವಿಸ್ ಆಗಿ ಓಡುವುದರಿಂದ ಕೇಳುವ ಕಿಟಕಿಯೂ ಮೂಡುವುದಿಲ್ಲ. ವಿಸ್ಟಾ ಕಾಲದಿಂದ ಸರ್ವಿಸ್‌ಗಳು ಸೆಷನ್ ಸೊನ್ನೆ ಎಂಬ ಬೇರೆ ಕೋಣೆಯಲ್ಲಿ ಇರುತ್ತವೆ. ನಿಮ್ಮ ಪರದೆಗೂ ಅದಕ್ಕೂ ಸಂಬಂಧ ಇಲ್ಲ. ಫೈರ್‌ವಾಲ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಇನ್‌ಬೌಂಡ್ ರೂಲ್ಸ್‌ನಲ್ಲಿ ಹೊಸ ರೂಲ್ ಮಾಡಿ. ಪ್ರೋಗ್ರಾಂ ಅಂತ ಅಲ್ಲ, ಪೋರ್ಟ್ ಅಂತ ಆರಿಸಿ, ಟಿಸಿಪಿ ಅಂದು ನಿಮ್ಮ ಆಪ್ ಓಡುವ ಪೋರ್ಟ್ ನಂಬರ್ ಕೊಡಿ, ಉದಾಹರಣೆಗೆ 8080. ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ ಟಿಕ್ ಇರಲಿ. ಆಫೀಸಿನ ವೈಫೈ ವಿಂಡೋಸ್‌ನಲ್ಲಿ ‘ಪಬ್ಲಿಕ್’ ಅಂತ ಗುರುತಾಗಿದ್ದರೆ ಅದನ್ನೂ ಪ್ರೈವೇಟ್ ಮಾಡಿ. ಇದಾದ ಮೇಲೂ ಬರಲಿಲ್ಲವೆಂದರೆ ಆಪ್ ಯಾವ ವಿಳಾಸಕ್ಕೆ ಕಟ್ಟಿಕೊಂಡಿದೆ ನೋಡಿ. 127.0.0.1 ಇದ್ದರೆ ಆ ಸಿಸ್ಟಮ್‌ಗೆ ಮಾತ್ರ. 0.0.0.0 ಇದ್ದರೆ ಎಲ್ಲರಿಗೂ.

ನೀವು ಹೇಳದೇ ಬಿಟ್ಟ ಒಂದು ವಿಷಯ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುತ್ತಿದೆ. ಸ್ಕ್ರಿಪ್ಟ್‌ನ ಕೊನೆಯಲ್ಲಿ ಆಪ್ ರನ್ ಅಂತ ಬರೆದು, ಪಕ್ಕದಲ್ಲಿ ಡೀಬಗ್ ಟ್ರೂ ಅಂತ ಬಿಟ್ಟಿದ್ದೀರಲ್ವಾ? ಮೊದಲು ಅದನ್ನು ತೆಗೆಯಿರಿ. ಫ್ಲಾಸ್ಕ್ ಜೊತೆ ಬರುವ ಸರ್ವರ್ ಬರೆಯುವಾಗ ಪರೀಕ್ಷಿಸಲು ಇರುವುದು. ಡೀಬಗ್ ಹಾಕಿದರೆ ಅದು ಇನ್ನೊಂದು ಪ್ರೊಸೆಸ್ ಹುಟ್ಟಿಸಿ ಅದರಲ್ಲಿ ಆಪ್ ಓಡಿಸುತ್ತದೆ. ಸರ್ವಿಸ್ ನಿಲ್ಲಿಸಿದಾಗ ಈ ಮರಿ ಉಳಿದುಬಿಟ್ಟರೆ ಪೋರ್ಟ್ ಖಾಲಿಯಾಗುವುದಿಲ್ಲ. ಅದು ಸಣ್ಣ ಮಾತು. ಎರರ್ ಬಂದಾಗ ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಓಡಿಸುವ ಸೌಲಭ್ಯ ಆ ಡೀಬಗರ್‌ನಲ್ಲಿದೆ. ನಡುವೆ ಇರುವುದು ಒಂದು ಪಿನ್ ಮಾತ್ರ. ಎನ್‌ಎಸ್‌ಎಸ್‌ಎಂ ಸರ್ವಿಸ್ ಬೇರೆ ಹೇಳದಿದ್ದರೆ ಓಡುವುದು ಲೋಕಲ್ ಸಿಸ್ಟಮ್ ಅಕೌಂಟ್‌ನಲ್ಲಿ. ಆ ಸಿಸ್ಟಮ್‌ನಲ್ಲಿ ಅದಕ್ಕೆ ಇಲ್ಲದ ಅಧಿಕಾರ ಇಲ್ಲ. ಎರಡನ್ನೂ ಸೇರಿಸಿ ಯೋಚಿಸಿ.

ಫ್ಲಾಸ್ಕ್ ಜೊತೆ ಬಂದ ಆ ಸರ್ವರ್ ಜಾಗಕ್ಕೆ ವೇಟ್ರೆಸ್ ಎಂಬ ವೆಬ್ ಸರ್ವರ್ ಹಾಕಿ. ಹುಡುಕಿದರೆ ಎಲ್ಲರೂ ಗುನಿಕಾರ್ನ್ ಅನ್ನುತ್ತಾರೆ, ಅದು ವಿಂಡೋಸ್‌ನಲ್ಲಿ ಓಡುವುದಿಲ್ಲ. ಯುನಿಕ್ಸ್‌ನಲ್ಲಿ ಮಾತ್ರ ಸಿಗುವ ಸೌಲಭ್ಯಗಳನ್ನು ಅದು ನಂಬಿಕೊಂಡಿದೆ. ವೇಟ್ರೆಸ್ ಪೂರ್ತಿ ಪೈಥಾನ್‌ನಲ್ಲಿ ಬರೆದದ್ದು, ಪಿಪ್‌ನಲ್ಲಿ ಬರುತ್ತದೆ, ಎರಡು ಸಾಲಿನಲ್ಲಿ ಮುಗಿಯುತ್ತದೆ. ಅದರಿಂದ ಸರ್ವ್ ಎಂಬ ಫಂಕ್ಷನ್ ತಂದು ನಿಮ್ಮ ಆಪ್, ವಿಳಾಸ, ಪೋರ್ಟ್ ಕೊಡಿ. ತಾನಾಗಿ ನಾಲ್ಕು ಥ್ರೆಡ್ ಇಟ್ಟುಕೊಳ್ಳುತ್ತದೆ, ಅಂದರೆ ಒಟ್ಟಿಗೆ ನಾಲ್ಕು ಕೋರಿಕೆ ನೋಡಿಕೊಳ್ಳುತ್ತದೆ. ಗೇಟ್, ಸ್ಟೋರ್ಸ್, ಆಫೀಸ್, ಮಾವನ ಮೊಬೈಲ್, ಇಷ್ಟಕ್ಕೆ ಬೇಕಾದಷ್ಟಾಯಿತು. ಫ್ಲಾಸ್ಕ್ ಬದಲು ಜಾಂಗೋ ಬಳಸುವವರಿಗೂ ಇದೇ ಮಾತು. ಅವರು ಡೀಬಗ್ ತೆಗೆದ ಕೂಡಲೇ ಸಿಎಸ್‌ಎಸ್ ಎಲ್ಲ ಮಾಯವಾಗುತ್ತದೆ, ವೈಟ್‌ನಾಯ್ಸ್ ಎಂಬ ಲೈಬ್ರರಿ ಸೇರಿಸಿಕೊಳ್ಳಬೇಕು. ಆಪ್ ಬರೆದದ್ದು ಫಾಸ್ಟ್‌ಎಪಿಐನಲ್ಲಿ ಆದರೆ ಸರ್ವರ್ ಯುವಿಕಾರ್ನ್.

ಈಗ ಲಾಗ್. ಕಪ್ಪು ಕಿಟಕಿ ಹೋದ ಮೇಲೆ ಪ್ರಿಂಟ್ ಮಾಡಿದ್ದೆಲ್ಲ ಎಲ್ಲಿಗೆ ಹೋಗಬೇಕು ಅಂತ ನೀವೇ ಹೇಳಬೇಕು. ಎನ್‌ಎಸ್‌ಎಸ್‌ಎಂನ ಐ/ಒ ಟ್ಯಾಬ್‌ನಲ್ಲಿ ಔಟ್‌ಪುಟ್‌ಗೆ ಒಂದು, ಎರರ್‌ಗೆ ಒಂದು ಫೈಲ್ ಕೊಡಿ. ಕೊಟ್ಟ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಎರರ್ ಫೈಲ್ ತುಂಬುತ್ತಿರುತ್ತದೆ, ಔಟ್‌ಪುಟ್ ಫೈಲ್ ಖಾಲಿ. ಔಟ್‌ಪುಟ್ ಪರದೆಗೆ ಹೋಗದೆ ಫೈಲ್‌ಗೆ ಹೋಗುವಾಗ ಪೈಥಾನ್ ಅದನ್ನು ಒಟ್ಟು ಮಾಡಿಕೊಂಡು ಒಮ್ಮೆಗೇ ಬರೆಯುತ್ತದೆ. ಪೈಥಾನ್ ಪಕ್ಕದಲ್ಲಿ ಹೈಫನ್ ಯು ಹಾಕಿ, ತಕ್ಷಣ ಬರೆಯುತ್ತದೆ.

ಇನ್ನೊಂದಿದೆ, ಇದು ನಮ್ಮವರಿಗೇ ಮೀಸಲಾದ ಪಾಠ. ಚಿಕ್ಕಪೇಟೆಯ ಹತ್ತಿರದ ಒಂದು ಹೋಲ್‌ಸೇಲ್ ಅಂಗಡಿಗೆ ಇಂಥದ್ದೇ ಬಿಲ್ಲಿಂಗ್ ಆಪ್ ಸರ್ವಿಸ್ ಮಾಡಿಕೊಟ್ಟಿದ್ದೆ. ನನ್ನ ಮುಂದೆ ಓಡುತ್ತಿತ್ತು. ಮರುದಿನ ಫೋನ್: ಕೆಲವು ಗಿರಾಕಿಗಳಿಗೆ ಬಿಲ್ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಯಾವ ಗಿರಾಕಿ ಅಂದರೆ ಅವರಿಗೆ ವಿವರಿಸಲು ಬರಲಿಲ್ಲ. ಹೋಗಿ ಕೂತೆ. ಹಳಬರಿಗೆಲ್ಲ ಆಗುತ್ತಿರಲಿಲ್ಲ, ಹೊಸಬರಿಗೆ ಆಗುತ್ತಿತ್ತು. ಅರ್ಧ ದಿನ ಹೋದ ಮೇಲೆ ಹೊಳೆಯಿತು. ಹಳೆಯ ಗಿರಾಕಿಗಳ ಹೆಸರನ್ನು ಯಜಮಾನರು ಕನ್ನಡದಲ್ಲಿ ಹಾಕಿಸಿದ್ದರು, ಹೊಸದನ್ನು ಹುಡುಗರು ಇಂಗ್ಲಿಷ್‌ನಲ್ಲಿ ಹೊಡೆದಿದ್ದರು. ನಾನು ಬಿಲ್ ಆಗುವ ಮುಂಚೆ ಗಿರಾಕಿಯ ಹೆಸರು ಪ್ರಿಂಟ್ ಮಾಡುವ ಒಂದು ಸಾಲು ಬಿಟ್ಟಿದ್ದೆ. ಕಮಾಂಡ್ ಪ್ರಾಂಪ್ಟ್‌ಗೆ ಬರೆಯುವಾಗ ಪೈಥಾನ್ ಯುನಿಕೋಡ್‌ನಲ್ಲೇ ಬರೆಯುತ್ತದೆ, ಕನ್ನಡಕ್ಕೆ ತಕರಾರಿಲ್ಲ. ಫೈಲ್‌ಗೆ ಹೋಗುವಾಗ ವಿಂಡೋಸ್‌ನ ಹಳೆಯ ಅಕ್ಷರಪಟ್ಟಿ, ಕೋಡ್ ಪೇಜ್ 1252 ಹಿಡಿಯುತ್ತದೆ. ಅದರಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲ. ಪ್ರಿಂಟ್ ಅಲ್ಲೇ ಎರರ್ ಎಸೆಯುತ್ತದೆ, ಬಿಲ್ ಅರ್ಧಕ್ಕೆ ನಿಲ್ಲುತ್ತದೆ. ಪರಿಹಾರ ಒಂದೇ ಸಾಲು. ಎನ್‌ಎಸ್‌ಎಸ್‌ಎಂನ ಎನ್ವಿರಾನ್‌ಮೆಂಟ್ ಟ್ಯಾಬ್‌ನಲ್ಲಿ ಪೈಥಾನ್, ಯುಟಿಎಫ್, 8 ಈ ಮೂರನ್ನೂ ಜಾಗ ಬಿಡದೆ ಕ್ಯಾಪಿಟಲ್ ಅಕ್ಷರದಲ್ಲಿ ಸೇರಿಸಿ ಬರೆದು, ಅದಕ್ಕೆ 1 ಅಂತ ಬೆಲೆ ಕೊಡಿ. ಪೈಥಾನ್ 3.7ರಿಂದ ಇದು ಇದೆ. ನಿಮ್ಮ ಚಲನ್‌ನಲ್ಲಿ ಕನ್ನಡ ಹೆಸರುಗಳಿದ್ದರೆ ಇದನ್ನು ಇವತ್ತೇ ಹಾಕಿ. ಇಲ್ಲದಿದ್ದರೂ ಹಾಕಿ.

ನಡುವೆ ಒಂದು ಮಾತು. ಕೈಯಾರೆ ಓಡಿಸುವಾಗ ಯಾರೂ ಕಿಟಕಿ ಮುಚ್ಚದಿದ್ದರೂ ಆಪ್ ಕೆಲವೊಮ್ಮೆ ಸ್ತಬ್ಧವಾಗುತ್ತಿತ್ತಾ? ಹಳೆಯ ಮಾದರಿಯ ಕಪ್ಪು ಕಿಟಕಿಯೊಳಗೆ ಯಾರಾದರೂ ಮೌಸ್ ಒತ್ತಿದರೆ ವಿಂಡೋಸ್ ಅದನ್ನು ಅಕ್ಷರ ಆರಿಸುವುದು ಅಂದುಕೊಳ್ಳುತ್ತದೆ. ಔಟ್‌ಪುಟ್ ಬರೆಯಲು ಹೋದ ಪ್ರೋಗ್ರಾಂ ಅಲ್ಲೇ ಕಾಯುತ್ತ ನಿಲ್ಲುತ್ತದೆ. ಎಂಟರ್ ಒತ್ತಿದರೆ ಮತ್ತೆ ಓಡುತ್ತದೆ. ಟೇಬಲ್ ಒರೆಸುವವರು ಮೌಸ್ ಮುಟ್ಟಿದ್ದಕ್ಕೆ ನಾನು ಮೂರು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದ್ದೇನೆ. ಸರ್ವಿಸ್ ಆದ ಮೇಲೆ ಈ ಕಾಟ ಇಲ್ಲ.

ಬ್ಯಾಕಪ್‌ಗೆ ಅಂತ ಝಡ್ ಡ್ರೈವ್ ಥರದ್ದು ಇಟ್ಟುಕೊಂಡಿದ್ದರೆ ಅದು ಸರ್ವಿಸ್‌ಗೆ ಕಾಣುವುದಿಲ್ಲ. ಮ್ಯಾಪ್ ಮಾಡಿದ ಡ್ರೈವ್ ನಿಮ್ಮ ಲಾಗಿನ್‌ಗೆ ಸೇರಿದ್ದು. ಎರಡು ಬ್ಯಾಕ್‌ಸ್ಲ್ಯಾಷ್‌ನಿಂದ ಶುರುವಾಗುವ ನೆಟ್‌ವರ್ಕ್ ಪಾತ್ ಕೊಡಿ. ಲೋಕಲ್ ಸಿಸ್ಟಮ್‌ಗೆ ಪಕ್ಕದ ಸಿಸ್ಟಮ್‌ನ ಶೇರ್ ಸಾಮಾನ್ಯವಾಗಿ ಬಾಗಿಲು ತೆರೆಯುವುದಿಲ್ಲ, ಅದಕ್ಕೊಂದು ಬೇರೆ ಯೂಸರ್ ಬೇಕು. ಅದಕ್ಕೆ ಕೊನೆಗೆ ಬರುತ್ತೇನೆ. ಪ್ರಿಂಟರ್ ಕೂಡ ಹೀಗೇ. ಗೇಟ್ ಪಾಸನ್ನು ಪೈಥಾನ್‌ನಿಂದ ನೇರ ಪ್ರಿಂಟ್ ಮಾಡಿಸುವ ಬದಲು ಬ್ರೌಸರ್‌ನಿಂದ ಮಾಡಿಸಿ. ಎಕ್ಸೆಲ್ ಪ್ರೋಗ್ರಾಮನ್ನು ಹಿಂದಿನಿಂದ ತೆರೆಸಿ ರಿಪೋರ್ಟ್ ತುಂಬಿಸುತ್ತಿದ್ದರೆ ಅದನ್ನೂ ಬಿಡಿ. ಸರ್ವಿಸ್ ಒಳಗಿಂದ ಆಫೀಸ್ ಓಡಿಸುವುದಕ್ಕೆ ಮೈಕ್ರೋಸಾಫ್ಟ್ ಬೆಂಬಲವೇ ಇಲ್ಲ. ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ಸಾಕು.

ಆಪ್ ಬಿದ್ದರೆ ಎನ್‌ಎಸ್‌ಎಸ್‌ಎಂ ತಾನೇ ಎಬ್ಬಿಸುತ್ತದೆ. ಶುರುವಾಗಿ ಒಂದೂವರೆ ಸೆಕೆಂಡ್ ಒಳಗೇ ಪದೇ ಪದೇ ಬೀಳುತ್ತಿದ್ದರೆ ಮಾತ್ರ ತಡೆ ತಡೆದು ಎಬ್ಬಿಸುತ್ತದೆ. ಆಗ ಸರ್ವಿಸಸ್ ಪಟ್ಟಿಯಲ್ಲಿ ‘ಪಾಸ್‌ಡ್’ ಅಂತ ಕಾಣುತ್ತದೆ. ಹಾಗೆ ಕಂಡರೆ ರೆಸ್ಯೂಮ್ ಒತ್ತಿ ಪ್ರಯೋಜನವಿಲ್ಲ, ಎರರ್ ಫೈಲ್ ಓದಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡು ಪೈಥಾನ್ ಕಂಡರೆ ಗಾಬರಿ ಬೇಡ. ವರ್ಚುವಲ್ ಎನ್ವಿರಾನ್‌ಮೆಂಟ್‌ನ ಪೈಥಾನ್ ಬರೀ ದಾರಿ ತೋರಿಸುವವನು, ಅಸಲಿ ಪೈಥಾನನ್ನು ಅವನು ಕರೆತರುತ್ತಾನೆ.

ಕೋಡ್ ಬದಲಿಸಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು, ತಾನಾಗಿ ಹಿಡಿಯುವುದಿಲ್ಲ. ‘ಸಿಸ್ಟಮ್ ಆಫ್ ಮಾಡಿ ಆನ್ ಮಾಡಿದೆ, ಆದರೂ ಹಳೇದೇ ಬರ್ತಿದೆ’ ಅಂತ ಯಾರಾದರೂ ಅಂದರೆ ನಂಬಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಸರ್ವಿಸ್‌ಗಳ ಕೋಣೆಯನ್ನು ಡಿಸ್ಕ್‌ಗೆ ಮಲಗಿಸಿ, ಬೆಳಿಗ್ಗೆ ಹಾಗೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಹೊಸದಾಗಿ ಶುರು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿ. ಜೊತೆಗೆ ಸ್ಲೀಪ್ ಆಗದಂತೆ ಮಾಡಿ. ಬಯಾಸ್‌ಗೆ ಹೋಗಿ ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವಂತೆ ಇಡಿ. ಮಳೆಗಾಲದ ಪೀಣ್ಯದಲ್ಲಿ ಎನ್‌ಎಸ್‌ಎಸ್‌ಎಂಗಿಂತ ಈ ಒಂದು ಸೆಟ್ಟಿಂಗ್ ನಿಮ್ಮ ಬೆಳಗಿನ ನಿದ್ದೆಯನ್ನು ಹೆಚ್ಚು ಉಳಿಸುತ್ತದೆ.

ಎಲ್ಲ ಆದ ಮೇಲೆ ಪರೀಕ್ಷೆ ಹೀಗೆ ಮಾಡಿ. ಸಿಸ್ಟಮ್ ರೀಸ್ಟಾರ್ಟ್ ಕೊಡಿ. ಪಾಸ್‌ವರ್ಡ್ ಕೇಳುವ ಪರದೆ ಬಂದಾಗ ಲಾಗಿನ್ ಆಗಬೇಡಿ. ಗೇಟ್‌ನ ಸಿಸ್ಟಮ್‌ಗೆ ಹೋಗಿ ಅಲ್ಲಿಂದ ಒಂದು ಚಲನ್ ಹಾಕಿ, ಗಿರಾಕಿಯ ಹೆಸರು ಕನ್ನಡದಲ್ಲಿರಲಿ. ಅದು ಉಳಿದರೆ ಕೆಲಸ ಆಯಿತು. ನೀವು ಲಾಗಿನ್ ಆಗಿ ಅದೇ ಸಿಸ್ಟಮ್‌ನ ಬ್ರೌಸರ್‌ನಲ್ಲಿ ನೋಡಿದರೆ ಮೇಲಿನ ತೊಂದರೆಗಳಲ್ಲಿ ಅರ್ಧ ಕಾಣುವುದೇ ಇಲ್ಲ.

ಇನ್ನು ಆ ಯೂಸರ್ ವಿಷಯ. ಆಪ್‌ಗೆಂದೇ ಒಂದು ಸಾಮಾನ್ಯ ಲೋಕಲ್ ಯೂಸರ್ ಮಾಡಿ, ಅಡ್ಮಿನ್ ಅಲ್ಲ. ಪ್ರಾಜೆಕ್ಟ್ ಫೋಲ್ಡರ್‌ಗೆ ಅದಕ್ಕೆ ಬರೆಯುವ ಅನುಮತಿ ಕೊಡಿ. ಡೇಟಾಬೇಸ್ ಫೈಲ್‌ಗೆ ಮಾತ್ರ ಕೊಟ್ಟರೆ ಸಾಲದು, ಎಸ್‌ಕ್ಯೂಲೈಟ್ ಪಕ್ಕದಲ್ಲೇ ತಾತ್ಕಾಲಿಕ ಫೈಲ್ ಮಾಡಿಕೊಳ್ಳುತ್ತದೆ. ಬ್ಯಾಕಪ್ ಇರುವ ಸಿಸ್ಟಮ್‌ನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್‌ನ ಯೂಸರ್ ಮಾಡಿ, ಶೇರ್‌ಗೆ ಸೇರಿಸಿ. ಆಮೇಲೆ ಸರ್ವಿಸ್‌ನ ಲಾಗ್ ಆನ್ ಟ್ಯಾಬ್‌ನಲ್ಲಿ ಈ ಯೂಸರ್ ಕೊಡಿ. ಯೂಸರ್ ಮಾಡುವಾಗ ‘ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್’ ಎಂಬ ಟಿಕ್ ಮರೆಯಬೇಡಿ. ವಿಂಡೋಸ್‌ನ ಮೂಲ ನಿಯಮದಲ್ಲಿ ಲೋಕಲ್ ಪಾಸ್‌ವರ್ಡ್‌ನ ಆಯಸ್ಸು 42 ದಿನ. ಮರೆತರೆ ಅಲ್ಲಿಯವರೆಗೆ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಒಂದು ರಾತ್ರಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುತ್ತದೆ, ಸರ್ವಿಸ್ 1069 (ಲಾಗಿನ್ ಆಗಲಿಲ್ಲ) ಅಂತ ಹೇಳಿ ನಿಲ್ಲುತ್ತದೆ, ಬೆಳಿಗ್ಗೆ ಆರಕ್ಕೆ ಮತ್ತೆ ನಿಮಗೆ ಫೋನ್ ಬರುತ್ತದೆ.